ಚೆನ್ನಾಗಿ ಕುದಿಸಿದ್ದೆವು, ಆದರೂ ವಾಂತಿ ಯಾಕಾಯಿತು?

(ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯರ ಉತ್ತರ)

ಪ್ರಶ್ನೆ: ಮಗುವಿನ ನಾಮಕರಣಕ್ಕೆ ಮನೆಯಲ್ಲೇ ಖೋವಾ ಕಾಯಿಸಿ ಪೇಡಾ ಮಾಡಿದೆವು. ಹಿಂದಿನ ದಿನ ಸಂಜೆ ಕಟ್ಟಿ, ತಟ್ಟೆಗಳಲ್ಲಿ ಜೋಡಿಸಿ, ಬಟ್ಟೆ ಮುಚ್ಚಿಟ್ಟಿದ್ದೆವು. ಮರುದಿನ ತಿಂದ ಎರಡು ಮೂರು ಗಂಟೆಗೆ ಒಬ್ಬೊಬ್ಬರಿಗೇ ವಾಂತಿ ಶುರುವಾಯಿತು. ಯಾರಿಗೂ ಜ್ವರ ಇರಲಿಲ್ಲ. ಹಾಲು ಗಂಟೆಗಟ್ಟಲೆ ಕುದಿದಿತ್ತು. ಅಷ್ಟು ಕುದಿದರೂ ಕ್ರಿಮಿ ಉಳಿಯುತ್ತಾ? ಅತ್ತೆಯವರು ದೃಷ್ಟಿ ತಗುಲಿತು ಅಂತಾರೆ.
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ತಾಯಿ, ದೃಷ್ಟಿಯನ್ನು ಪಾಪ ಸುಮ್ನೆ ಬೈಯಬೇಡಿ. ಬಾಣಲೆಯಲ್ಲಿ ಇದ್ದ ಕ್ರಿಮಿ ಬಾಣಲೆಯಲ್ಲೇ ಸತ್ತಿರುತ್ತದೆ. ಇದು ಆಮೇಲೆ ಬಂದದ್ದು. ನೀವೇ ಬರೆದಿದ್ದೀರಲ್ಲ, ಸಂಜೆ ಕಟ್ಟಿದೆವು, ರಾತ್ರಿಯೆಲ್ಲ ತಟ್ಟೆಯಲ್ಲಿತ್ತು ಅಂತ. ಪೇಡಾ ಕಟ್ಟುವುದು ಕೈಯಲ್ಲಿ ತಾನೆ?

ಪೇಡಾ ಪರೀಕ್ಷೆಗೆ ಹೋಗಿಲ್ಲ, ಹಾಗಾಗಿ ಆಣೆ ಹಾಕಿ ಹೇಳಲಾರೆ. ಆದರೆ ಎರಡು ಮೂರು ಗಂಟೆಯಲ್ಲೇ ವಾಂತಿ, ಜ್ವರವಿಲ್ಲ ಅಂದರೆ ನನ್ನ ಮೊದಲ ಅನುಮಾನ ಸ್ಟೆಫೈಲೋಕಾಕಸ್ ಮೇಲೆ. ಇದು ಎಲ್ಲಿಂದಲೋ ಬರುವ ಕ್ರಿಮಿಯಲ್ಲ. ಆರೋಗ್ಯವಾಗಿರುವ ಎಷ್ಟೋ ಜನರ ಮೂಗಿನೊಳಗೆ, ಚರ್ಮದ ಮೇಲೆ ಇರುತ್ತದೆ. ಈಳಿಗೆಮಣೆ ತಗುಲಿ ಕೀವಾದ ಬೆರಳಿದ್ದರಂತೂ ಕೇಳುವುದೇ ಬೇಡ. ಸಕ್ಕರೆ ಜಾಸ್ತಿ ಇದ್ದರೆ ಬೇರೆ ಕ್ರಿಮಿಗಳು ಹಿಂದೆ ಸರಿಯುತ್ತವೆ, ಇದು ಜಗ್ಗುವುದಿಲ್ಲ. ಹಾಲು ಕುದಿಸಿ ಬೇರೆ ಕ್ರಿಮಿಗಳನ್ನೆಲ್ಲ ನೀವೇ ಕೊಂದಿದ್ದೀರಿ, ಪೈಪೋಟಿಗೂ ಯಾರಿಲ್ಲ. ರಾತ್ರಿಯಿಡೀ ಸೆಖೆಯಲ್ಲಿ ಬೆಳೆದು ವಿಷ ಬಿಡುತ್ತದೆ. ವಾಂತಿ ಬರುವುದು ಆ ವಿಷದಿಂದ. ಪೇಡಾದ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗಿರುವುದಿಲ್ಲ.

ಇನ್ನೊಂದು ವಿಷಯ. ಆ ವಿಷ ಒಮ್ಮೆ ಹುಟ್ಟಿದರೆ ಮತ್ತೆ ಕುದಿಸಿದರೂ ಹೋಗುವುದಿಲ್ಲ. 2000ದಲ್ಲಿ ಜಪಾನಿನ ಒಸಾಕಾ ಸುತ್ತಮುತ್ತ ಸ್ನೋ ಬ್ರ್ಯಾಂಡ್ ಎಂಬ ದೊಡ್ಡ ಕಂಪನಿಯ ಹಾಲು ಕುಡಿದು 13 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮೂಲ ಹುಡುಕುತ್ತಾ ಹೋದರೆ, ದೂರದ ಹೊಕ್ಕೈಡೊದಲ್ಲಿದ್ದ ಅವರದೇ ಹಾಲಿನ ಪುಡಿ ಕಾರ್ಖಾನೆಯಲ್ಲಿ ಮಾರ್ಚ್ ತಿಂಗಳಲ್ಲಿ ಕರೆಂಟು ಹೋಗಿತ್ತು. ಹಾಲು ತಣ್ಣಗಾಗದೆ ನಿಂತಿತ್ತು. ಆಮೇಲೆ ಪದ್ಧತಿ ಪ್ರಕಾರ ಕಾಯಿಸಿದರು, ಕ್ರಿಮಿ ಸತ್ತವು, ವಿಷ ಪುಡಿಯೊಳಗೇ ಉಳಿದು, ಆ ಪುಡಿ ಬೆರೆಸಿದ ಒಸಾಕಾದ ಹಾಲಿಗೂ ಸೇರಿತು. ಅಂಥ ಕಾರ್ಖಾನೆಯವರಿಗೇ ಹೀಗಾಯಿತು.

ಮುಂದಿನ ಸಲ ಪೇಡಾವನ್ನು ಆವತ್ತೇ ಕಟ್ಟಿ ಆವತ್ತೇ ಹಂಚಿ. ಹಿಂದಿನ ದಿನ ಮಾಡಲೇಬೇಕಿದ್ದರೆ ಫ್ರಿಜ್‌ನಲ್ಲಿಡಿ. ಬೆರಳಿಗೆ ಗಾಯವಾದವರು, ನೆಗಡಿಯಾದವರು ಹೂ ಕಟ್ಟಲಿ, ಪೇಡಾ ಬೇಡ.

ಪ್ರಶ್ನೆ: ಪಕ್ಕದ ಮನೆಯ ಹಸು ಏಳು ತಿಂಗಳಿಗೆ ಕಂದು ಹಾಕಿತು. ಅದರ ಹಾಲನ್ನೇ ನಮಗೂ ಕೊಡುತ್ತಿದ್ದಾರೆ. ನಮ್ಮ ಮಾವನವರಿಗೆ ಕರೆದ ಕೂಡಲೇ ನೊರೆ ಹಾಲು ಕುಡಿಯುವ ಅಭ್ಯಾಸ. ಏನೂ ಆಗಲ್ಲ, ಅದರಲ್ಲೇ ಶಕ್ತಿ ಇರೋದು ಅಂತಾರೆ. ಹೇಗೆ ಬಿಡಿಸಲಿ?
– ಓದುಗರು, ತಿಪಟೂರು

ಉತ್ತರ: ಈ ಸಂಚಿಕೆಯನ್ನು ಅವರ ಕೈಗೇ ಕೊಡಿ. ಮಾವನವರೇ, ನಮಸ್ಕಾರ. ಹಸು ಕಂದು ಹಾಕಲು ಕಾರಣ ಹತ್ತಾರು ಇರಬಹುದು. ಆದರೆ ತಿಂಗಳು ತುಂಬುತ್ತಾ ಬಂದಾಗ ಹಾಕಿದರೆ ಬ್ರುಸೆಲ್ಲೋಸಿಸ್ ಎಂಬ ಅಂಟುರೋಗ ಅಲ್ಲ ಅಂತ ಖಾತ್ರಿಯಾಗುವವರೆಗೆ ಹಸಿ ಹಾಲು ಮುಟ್ಟಬೇಡಿ. ಹಸು ಚೆನ್ನಾಗಿಯೇ ಮೇಯುತ್ತಿರುತ್ತದೆ, ಹಾಲೂ ನೋಡಲು ಚೆನ್ನಾಗಿರುತ್ತದೆ. ಕ್ರಿಮಿ ಮಾತ್ರ ಹಾಲಿನ ಜೊತೆ ಇಳಿಯುತ್ತಿರುತ್ತದೆ.

ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಮೈಯೆಲ್ಲ ಬೆವರು, ಸೊಂಟ-ಕೀಲು ನೋವು. ಟೈಫಾಯ್ಡ್ ಅಂತ ಔಷಧಿ ತಗೊಂಡು ತಿಂಗಳುಗಟ್ಟಲೆ ನರಳಿದ ರೈತರನ್ನು ನಾನು ಕೆಲಸದಲ್ಲಿದ್ದಾಗ ಕಂಡಿದ್ದೇನೆ. ಮನೆಯಲ್ಲಿ ಹಸು ಇದೆ ಅಂತ ಡಾಕ್ಟರಿಗೆ ಯಾರೂ ಹೇಳಿರುವುದಿಲ್ಲ! ಚಿಕಿತ್ಸೆ ಇದೆ, ಆದರೆ ಸಾಮಾನ್ಯವಾಗಿ ಆರು ವಾರ ಬಿಡದೆ ಮಾತ್ರೆ ನುಂಗಬೇಕು.

ಹಾಲು ಉಕ್ಕಿ ಬರುವವರೆಗೆ ಕಾಯಿಸಿದರೆ ಈ ಕ್ರಿಮಿ ಉಳಿಯುವುದಿಲ್ಲ. ನೊರೆ ಹಾಲೇ ಬೇಕು ಅಂದರೆ ಕಾಯಿಸಿದ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದುಕೊಳ್ಳಿ, ಬೇಕಾದಷ್ಟು ನೊರೆ ಬರುತ್ತದೆ. ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿ. ಕಂದು, ಸತ್ತೆ (ಮಾಸು) ಇವನ್ನು ಬರಿಗೈಯಲ್ಲಿ ಎತ್ತಬಾರದು, ತಿಪ್ಪೆಗೆ ಎಸೆಯಬಾರದು, ನಾಯಿ ಎಳೆಯದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಬೇಕು. ಹಸುವಿನ ರಕ್ತವನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಕೊಡಲಿ. ಹೆಣ್ಣುಕರು ಇದ್ದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಇದಕ್ಕೆ ಲಸಿಕೆ ಹಾಕಿಸಬೇಕು. ಒಂದೇ ಸಲ ಸಾಕು.

ಪ್ರಶ್ನೆ: ಲ್ಯಾಕ್ಟೋಮೀಟರ್ ತಂದಿಟ್ಟುಕೊಂಡರೆ ಹಾಲಿನಲ್ಲಿ ಕ್ರಿಮಿ ಇರುವುದು ಗೊತ್ತಾಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಅದು ಹಾಲಿನ ಸಾಂದ್ರತೆ ಅಳೆಯುತ್ತದೆ, ನೀರು ಬೆರೆಸಿದವರನ್ನು ಹಿಡಿಯಲು ಇರುವುದು. ಕ್ರಿಮಿ ನೋಡಲು ಡೇರಿಗಳಲ್ಲಿ ಬೇರೆ ಪರೀಕ್ಷೆ ಇದೆ. ಗಾಜಿನ ಕೊಳವೆಯಲ್ಲಿ 10 ಮಿಲಿ ಹಾಲು, ಅದಕ್ಕೆ 1 ಮಿಲಿ ಮೆಥಿಲೀನ್ ಬ್ಲೂ ಬಣ್ಣ. 37 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸಿ ಕಾಯಬೇಕು. ಕ್ರಿಮಿ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಮಾಯವಾಗಿ ಹಾಲು ಬೆಳ್ಳಗಾಗುತ್ತದೆ. ಐದು ಗಂಟೆ ಕಳೆದರೂ ನೀಲಿ ಉಳಿದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೇ ಹೋದರೆ ಕ್ಯಾನ್ ಸರಿಯಾಗಿ ತೊಳೆದಿಲ್ಲ, ಅಥವಾ ಹಾಲು ಬಿಸಿಲಲ್ಲಿ ಕಾದಿದೆ. ಮನೆಯಲ್ಲಿ ಇಷ್ಟೆಲ್ಲ ಬೇಡ. ಆ ದುಡ್ಡಿಗೆ ಮುಚ್ಚಳ ಬಿಗಿಯಾಗಿ ಕೂರುವ ಒಂದು ಸ್ಟೀಲ್ ಪಾತ್ರೆ ತಂದುಕೊಳ್ಳಿ. ಹಾಲಿನವರು ಬೆಳಿಗ್ಗೆ ಎಷ್ಟು ಗಂಟೆಗೆ ಕರೆದದ್ದು ಅಂತ ದಿನಾ ಕೇಳಿ.