ಬೋರ್ ಗಾಡಿ ಮ್ಯಾಲಿನ ಹುಡುಗ

ತಮ್ಮಾ, "ಅಣ್ಣಾರ, ಸಿಯಾಟಲ್ ಹತ್ರ ವಿಆರ್ ಟೀಮಿನ್ಯಾಗ ಕೆಲಸ ಸಿಕ್ಕೈತ್ರಿ. ಈ ದೊಡ್ಡ ಕಂಪನಿಗೋಳು ಅದಕ್ಕ ಸುರದ ರೊಕ್ಕ ವಾಪಸ್ ಬರ್ತೈತೇನ್ರಿ? ನಾ ಬರ್ಲೋ ಬ್ಯಾಡೋ?" ಅಂತ ಕೇಳಿದಿ. ವಿಆರ್ ಅಂದ್ರ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಪೆಟ್ಟಿಗಿ ಕಟಗೊಂಡು ಬ್ಯಾರೆ ಲೋಕದಾಗ ಇದ್ದಂಗ ನೋಡೂದು. ನೀ ಬಾಗಲಕೋಟಿ ನವನಗರದಾಂವ ಅಂದಿ, ನಾನೂ ಅಲ್ಲಿಯವನ. ಇಲ್ಲಿಗೆ ಬಂದು 14 ವರ್ಷ ಆತು.

ನಮ್ಮ ಕಡೆ ಬೋರ್ ಹೊಡಸೂದು ನೋಡಿರ್ತಿ. ಅಂಗೈ ಮ್ಯಾಲೆ ತೆಂಗಿನಕಾಯಿ ಇಟಗೊಂಡು ಒಬ್ಬಾಂವ ಪಾಯಿಂಟ್ ತೋರಸ್ತಾನ. 300 ಅಡಿ ಹೋದ್ರೂ ಬರೀ ಧೂಳು. ಆದ್ರೂ ರೈತ, "ಇನ್ನೊಂದು ನೂರು ಅಡಿ ಹೊಡೀರಿ" ಅಂತಾನ. ಫೇಸ್‌ಬುಕ್ 2014ರಾಗ ಸುಮಾರು 200 ಕೋಟಿ ಡಾಲರಿಗೆ ಆಕ್ಯುಲಸ್ ಅನ್ನೂ ವಿಆರ್ ಕಂಪನಿ ಕೊಂಡಾಗ ಪಾಯಿಂಟ್ ಹಾಕಿದಂಗಾತು. 2021ರಾಗ ಹೆಸರ ಮೆಟಾ ಅಂತ ಬದಲಿ ಮಾಡ್ಕೊಂಡ್ರು. ಆ ವರ್ಷ ಅವರ ವಿಆರ್ ವಿಭಾಗದ ನಷ್ಟ 1,020 ಕೋಟಿ ಡಾಲರ್, 2024ಕ್ಕ 1,770 ಕೋಟಿ. ನಮ್ಮಪ್ಪ ಆಗಿದ್ರ ಹಾಸಿಗಿ ಹಿಡೀತಿದ್ದ. ಆದ್ರ ಅದ 2024ರಾಗ ಎಲ್ಲಾ ಖರ್ಚು ಹೋಗಿ ಕಂಪನಿಗೆ ಉಳಿದ ಲಾಭ 6,200 ಕೋಟಿ ಡಾಲರಿನ ಮ್ಯಾಲೆ. ಜಾಹೀರಾತಿನ ಹಳೇ ಬಾವಿ ತುಂಬಿ ತುಳಕಾಕತ್ತೈತಿ, ಅದರ ನೀರು ಮಾರಿ ಈ ಬೋರ್ ಹೊಡಸ್ತಾರ. ಸಾಲ ತಂದು ಹೊಡಸಿದ ರೈತನ ಲೆಕ್ಕ ಇಲ್ಲಿ ಕೂಡೂದಿಲ್ಲ. ಮೈಕ್ರೋಸಾಫ್ಟ್ ಮಾತ್ರ 2024ರಾಗ ಹೋಲೋಲೆನ್ಸ್ 2 ಅನ್ನೂ ತಲಿಗೆ ಕಟಗೊಳ್ಳೂ ಸಾಧನದ ತಯಾರಿಕಿ ನಿಲ್ಲಿಸಿ ಗಾಡಿ ಹೊಂಡಿಸಿತು.

ನನ್ನ ಕೇಳಿದ್ರ, ಮಾರಿಗೆ ಕಟಗೊಳ್ಳೂ ಪೆಟ್ಟಿಗಿಯಿಂದ ಆ ರೊಕ್ಕ ಬರಂಗಿಲ್ಲ. ಆಪಲ್‌ನ ಅಂಥಾ ಪೆಟ್ಟಿಗಿ ವಿಷನ್ ಪ್ರೊ 3,499 ಡಾಲರ್, ತೂಕ 600 ಗ್ರಾಂ ಮ್ಯಾಲೆ. ನೀರು ಬಿದ್ರ ಬದುವಿನ ಆಚಿ ಬೀಳತೈತಿ. ಮೆಟಾದವರು ರೇ-ಬ್ಯಾನ್ ಜೋಡಿ 2023ರಾಗ ತಂದ ಕನ್ನಡಕದಾಗ ವಿಆರ್ ಅನ್ನೂದ ಇಲ್ಲ, ಕ್ಯಾಮೆರಾ, ಮೈಕು, ಸ್ಪೀಕರ್ ಅಷ್ಟ. ಮಂದಿ ಅದನ್ನ ಹಾಕ್ಕೊಂಡು ತಿರಗ್ಯಾಡಾಕತ್ತಾರ.

ಹೋದ ಸಲ ಊರಿಗೆ ಬಂದಾಗ ನಮ್ಮ ಅವ್ವಗ ಮೆಟಾದವರ ವಿಆರ್ ಪೆಟ್ಟಿಗಿ ಕ್ವೆಸ್ಟ್ 3 ಹಾಕಿದೆ. ಹಿಂದಿನ ಪಟ್ಟಿ ತುರುಬಿಗೆ ಸಿಕ್ಕೊಂಡ್ತು, ಮುಂದಿನ ಸ್ಪಾಂಜಿಗೆ ಕುಂಕುಮ ಹತ್ತಿತು. ಸಮುದ್ರದೊಳಗಿನ ತಿಮಿಂಗಿಲ ತೋರಿಸಿದೆ. ಸುಮ್ನ ಕುಂತಾಕಿ ಕೈ ಮುಂದ ಚಾಚಿ, "ನೀರಾಗಿಂದೆಲ್ಲಾ ಕಾಣ್ತೈತಂದ್ರ ನಮ್ಮ ಮುಳುಗಡಿ ಮನಿ ತೋರಸಲ್ಲ" ಅಂದಳು. ಆಲಮಟ್ಟಿ ಹಿನ್ನೀರಿಗೆ ಹಳೇ ಓಣಿ ಹೋದಾಗ ಯಾರು ಫೋಟೋ ತಗದಿಟ್ಟಾರ? ನಮ್ಮ ಹತ್ರ ಇರೂದು ಒಂದ ಲಗ್ನದ ಫೋಟೋ. ಅದರಾಗ ಕಟ್ಟಿ, ಅರ್ಧ ಬಾಗಲಾ ಕಾಣತೈತಿ. ಇಲ್ಲವ್ವಾ ಅಂದೆ. "ಮತ್ತ ಯಾತಕ್ಕಪಾ ಇದು?" ಅಂದು ತಗದಿಟ್ಟು, ವಾಕರಿಕಿ ಬರ್ತೈತಿ ಅಂತ ನಿಂಬಿಹಣ್ಣು ತರಿಸಿದಳು. ಕಣ್ಣು "ಹೊಂಟೇನಿ" ಅಂತೈತಿ, ಕಿವಿಯೊಳಗಿನ ಸಮತೋಲದ ಭಾಗ "ಕುಂತೇನಿ" ಅಂತೈತಿ. ಆ ಜಗಳಕ್ಕ ವಾಕರಿಕಿ. 2014ರಿಂದ ಇಷ್ಟು ರೊಕ್ಕ ಸುರದ್ರೂ ಅದು ಪೂರಾ ಹೋಗಿಲ್ಲ.

ಇನ್ನ ನಿಂದು. ಬೋರ್ ಗಾಡಿ ಮ್ಯಾಲಿನ ಹುಡುಗೂರಿಗೆ ನೀರು ಬೀಳ್ಲಿ ಬಿಡ್ಲಿ ಪಗಾರ ಐತಿ. ಹೊಲದಾಂವ "ಸಾಕು" ಅಂದ ಕೂಡಲೆ ಗಾಡಿ ಹೊಂಡತೈತಿ. ಎಚ್‌1ಬಿ ಅನ್ನೂ ಅಮೆರಿಕಾದ ಕೆಲಸದ ವೀಸಾ ಮ್ಯಾಲೆ ಇದ್ದಾಗ ಕೆಲಸ ಹೋದ್ರ ಹೆಚ್ಚಂದ್ರ 60 ದಿನ. ಅಷ್ಟರಾಗ ಬ್ಯಾರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲಂದ್ರ ವೀಸಾ ಬದಲಿ ಮಾಡ್ಕೋಬೇಕು, ಅದೂ ಇಲ್ಲಂದ್ರ ಊರ ದಾರಿ. ನನ್ನ ಟೀಮೂ ಹಂಗ ಹೋತು, ಕಂಪನಿ ಹೆಸರು ಬ್ಯಾಡ ಬಿಡು. ಮುಂಜಾನೆ ಚಾ ಕುಡಕೋತ ಲಾಗಿನ್ ಮಾಡಿದ್ರ ಪಾಸ್‌ವರ್ಡ್ ತಪ್ಪು ಅಂತು. ಮೂರು ಸಲ ಹೊಡದೆ. ಫ್ರಿಜ್ಜಿನ ಮ್ಯಾಲಿನ ಕ್ಯಾಲೆಂಡರದಾಗ ನನ್ನ ಹೆಂಡ್ತಿ ದಿನ ಎಣಿಸಿ ಗೀಟು ಹಾಕತಿದ್ಲು. 47ನೇ ಗೀಟಿಗೆ ಹೊಸ ಆಫರ್ ಬಂತು. ವಿಆರ್‌ದಾಗ ಕೈಬೆರಳು ಹೆಂಗ ಆಡ್ತಾವ ಅಂತ ಕ್ಯಾಮೆರಾದಿಂದ ಗುರುತು ಹಿಡಿಯೂ (ಟ್ರ್ಯಾಕಿಂಗ್) ಕೆಲಸ ಮಾಡಿದ್ದೆ, ಅದ ವಿದ್ಯಾಕ್ಕ ಗೋದಾಮಿನ ರೋಬೋಟಿಗೆ ಕಣ್ಣು ಕಟ್ಟೂ ಕೆಲಸ ಸಿಕ್ತು. ಟೀಮಿನ್ಯಾಗ ವರ್ಚುವಲ್ ಊರಿನ ಅಂಗಡಿ, ಅಂಗಿ ಮಾಡೂ ಹುಡುಗೂರಿದ್ರಲ್ಲ, ಅವರು ಭಾಳ ತಿರುಗಿದ್ರು.

ಅದಕ್ಕ ಬಾ, ಆದ್ರ ಕ್ಯಾಮೆರಾ, ಟ್ರ್ಯಾಕಿಂಗ್, ಲೆನ್ಸು, ಚಿಪ್ಪು ಅಂಥಾ ಕೆಲಸ ಇದ್ರ ಬಾ. ಮೊದಲ ವರ್ಷ ಕಾರು ಸಾಲದಾಗ ತಗೋಬ್ಯಾಡ, ಆರು ತಿಂಗಳ ಬಾಡಿಗಿ ರೊಕ್ಕ ಮುಟ್ಟದಂಗ ಇಡು. ಆಫರ್ ಲೆಟರಿನ್ಯಾಗ ಸೈನಿಂಗ್ ಬೋನಸ್ (ಕೆಲಸಕ್ಕ ಸೇರಿದ್ದಕ್ಕ ಕೊಡೂ ರೊಕ್ಕ) ವಾಪಸ್ ಕೊಡೂ ಷರತ್ತು ಎಷ್ಟು ತಿಂಗಳದ್ದೈತಿ, ಅವರ ಕೆಲಸದಿಂದ ತಗದ್ರೂ ಕೊಡಬೇಕೇನು, ಅದನ್ನ ನೋಡಿ ಬರಿ. ಆಮ್ಯಾಲೆ ಮನಿ ಹುಡುಕೂದು ಮಾತಾಡೂಣು.