ಸರ ಅಡವಿಡುವ ಮೊದಲು: ಒಂದು ಆಪ್ತಸಲಹೆ ಪ್ರಕರಣ

2025ರ ದೀಪಾವಳಿ ಮುಗಿದ ಮರುವಾರ. ಮಧ್ಯಾಹ್ನ ಮೂರು ಗಂಟೆ ಆದರೆ ಸಾಕು, ಗುಡುಗು ಶುರುವಾಗುವ ದಿನಗಳು. ಉಡುಪಿಯ ನನ್ನ ಕೋಣೆಗೆ ತಾಯಿ ಮಗ ಇಬ್ಬರೂ ಬಂದರು. ಮಗನಿಗೆ 22 ವರ್ಷ. ಐಟಿಐ ಮುಗಿಸಿದ್ದಾನೆ. ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಎರಡು ವರ್ಷದಿಂದ ಕೆಲಸ. ಸಂಬಳ ತಿಂಗಳಿಗೆ 11,000 ರೂಪಾಯಿ. ತಾಯಿ ಬೀಡಿ ಕಟ್ಟುತ್ತಾರೆ. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ತಾಯಿಯ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಇತ್ತು. ಮಂಗಳೂರಿನ ಒಂದು ತರಬೇತಿ ಕೇಂದ್ರ ಕೊಟ್ಟದ್ದು. ಕಾಂಪ್‌ಟಿಯಾ ಎಂಬ ಸಂಸ್ಥೆ ಕಂಪ್ಯೂಟರ್ ರಿಪೇರಿ, ಸಪೋರ್ಟ್ ಕೆಲಸದವರಿಗೆ ನಡೆಸುವ ಎ ಪ್ಲಸ್ ಸರ್ಟಿಫಿಕೇಟ್ ಪರೀಕ್ಷೆಗೆ ತರಬೇತಿ, ನಾಲ್ಕು ತಿಂಗಳು, 48,000 ರೂಪಾಯಿ. ಪರೀಕ್ಷೆಯ ಶುಲ್ಕ ಬೇರೆ. ಕೆಳಗೆ ಪೆನ್ನಲ್ಲಿ ‘ಪಾಸ್ ಗ್ಯಾರಂಟಿ’ ಎಂದು ಬರೆದುಕೊಟ್ಟಿದ್ದರು.

“ಸೊಸೈಟಿಯಲ್ಲಿ ಸರ ಇಟ್ರೆ ಇಷ್ಟು ಆಗ್ತದೆ ಮೇಡಮ್. ಇವನಿಗೆ ಒಂದು ದಾರಿ ಆದ್ರೆ ಸಾಕು. ನೀವು ಹೌದು ಅಂದ್ರೆ ನಾಳೆಯೇ ಇಡ್ತೇನೆ.”

ನಾನು ಹೌದು ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ. ತಾಯಿಗೆ ಹೊರಗೆ ಸ್ವಲ್ಪ ಕೂತಿರಲು ಹೇಳಿ ಹುಡುಗನ ಹತ್ತಿರ ಮಾತಾಡಿದೆ. ಈ ಪರೀಕ್ಷೆಯೇ ಯಾಕೆ ಎಂದು ಕೇಳಿದೆ. ಗಲ್ಫ್‌ನಲ್ಲಿರುವ ಮಾವ ಹೇಳಿದ್ದಂತೆ. ಅವರ ಕಂಪನಿಯ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಅದನ್ನು ಕೇಳುತ್ತಾರಂತೆ. ಜಾಹೀರಾತು ನೋಡಿದ್ದೀಯಾ ಎಂದೆ. ನೋಡಿರಲಿಲ್ಲ. ಅದನ್ನು ತರಿಸಿ ಓದುವುದೇ ಮೊದಲ ಕೆಲಸ ಎಂದು ಹೇಳಿದೆ. ಆಮೇಲೆ ತರಿಸಿದ. ಎ ಪ್ಲಸ್ ಇದ್ದರೆ ಒಳ್ಳೆಯದು ಎಂದಿತ್ತು, ಇರಲೇಬೇಕು ಎಂದು ಇರಲಿಲ್ಲ. ಎರಡು ವರ್ಷದ ಅನುಭವ ಮಾತ್ರ ಇರಲೇಬೇಕಿತ್ತು. ಅದು ಅವನ ಹತ್ತಿರ ಆಗಲೇ ಇತ್ತು.

“ಮಂಗಳೂರಿನ ಕ್ಲಾಸ್ ಬಗ್ಗೆ ನಿನಗೇನು ಅನಿಸ್ತದೆ?”

ಸುಮ್ಮನೆ ಕೂತ. ಆಮೇಲೆ ಹೇಳಿದ: “ಯೂಟ್ಯೂಬಲ್ಲಿ ಫ್ರೀ ಉಂಟು ಮೇಡಮ್, ಗೊತ್ತುಂಟು. ಆದ್ರೆ ಫ್ರೀ ಇದ್ದದ್ದು ಎಲ್ಲರಿಗೂ ಸಿಗ್ತದೆ. ಅದ್ರಲ್ಲಿ ಓದಿದ್ರೆ ಯಾರು ಲೆಕ್ಕಕ್ಕೆ ತಗೊಳ್ತಾರೆ?”

ಈ ಮಾತನ್ನು ನಾನು ಬೇರೆ ಮಕ್ಕಳ ಬಾಯಲ್ಲೂ ಕೇಳಿದ್ದೇನೆ. ದುಡ್ಡಿಲ್ಲದ ಮನೆಯಲ್ಲಿ ಬೆಳೆದವರಿಗೆ ಪುಕ್ಕಟೆ ಎಂದರೆ ಒಂದು ನಾಚಿಕೆ ಇರುತ್ತದೆ. ದುಡ್ಡು ಕೊಟ್ಟರೆ ಮಾತ್ರ ತಾನು ನಿಜವಾಗಿ ಓದುತ್ತಿದ್ದೇನೆ ಅನಿಸುತ್ತದೆ. ಅದಕ್ಕೆ ಬೈಯುವುದರಲ್ಲಿ ಅರ್ಥ ಇಲ್ಲ. ಮಾತು ಬದಲಿಸಿದೆ. ನಿನ್ನೆ ಅಂಗಡಿಗೆ ಬಂದ ಒಂದು ಮೆಷಿನ್ ಬಗ್ಗೆ ಹೇಳು ಎಂದೆ.

ಹುಡುಗನ ದನಿಯೇ ಬದಲಾಯಿತು. ಮಲ್ಪೆ ಕಡೆಯಿಂದ ಒಂದು ಪಿಸಿ ಬಂದಿತ್ತಂತೆ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದ. ಆಗಲಿಲ್ಲ. ಎಸ್‌ಎಂಪಿಎಸ್, ಅಂದರೆ ಮೆಷಿನಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಬದಲಿಸಿದ. ಆಗಲಿಲ್ಲ. ರ‍್ಯಾಮನ್ನು ಬೇರೆ ಸ್ಲಾಟಿಗೆ ಹಾಕಿದ, ಬಂತು.

“ಮೊದಲು ರ‍್ಯಾಮೇ ಯಾಕೆ ತೆಗೆದೆ?”

“ಮಲ್ಪೆಯದ್ದಲ್ವಾ, ಉಪ್ಪು ಗಾಳಿ. ಕಿಲುಬು ಹಿಡಿದಿರ್ತದೆ.”

“ಎಸ್‌ಎಂಪಿಎಸ್ ಯಾಕೆ ಬದಲಿಸಿದೆ?”

“ಹಿಂದಿನ ದಿನ ಸಿಡಿಲಿತ್ತು.”

“ಬದಲಿಸುವ ಮೊದಲು ವೋಲ್ಟೇಜ್ ನೋಡಿದೆಯಾ?”

ಇಲ್ಲ ಎಂದ. ಅಂಗಡಿಯಲ್ಲಿ ಮಲ್ಟಿಮೀಟರ್ ಇತ್ತು. ಇನ್ನೊಂದು ಎಸ್‌ಎಂಪಿಎಸ್ ಕೈಗೆ ಸಿಗುವಂತಿತ್ತು, ಅದಕ್ಕೇ ಬದಲಿಸಿದ, ಅಷ್ಟೆ.

ನಾನು ಟೆಕ್ನಿಷಿಯನ್ ಅಲ್ಲ. ಈ ಪರೀಕ್ಷೆಯ ವಿಚಾರ ಕೇಳಿಕೊಂಡು ಬರುವವರು ಇದ್ದಾರೆ, ಹಾಗಾಗಿ ಅದರ ವಿಷಯಪಟ್ಟಿಯನ್ನು ಓದಿಟ್ಟುಕೊಂಡಿದ್ದೇನೆ. ರಿಪೇರಿ ಕೆಲಸಕ್ಕೆ ಕಾಂಪ್‌ಟಿಯಾ ಆರು ಹೆಜ್ಜೆ ಹೇಳುತ್ತದೆ. ತೊಂದರೆ ಏನೆಂದು ಕೇಳಿ ತಿಳಿಯುವುದು. ಕಾರಣ ಏನಿರಬಹುದು ಎಂದು ಊಹಿಸುವುದು. ಆ ಊಹೆ ಸರಿಯೇ ಎಂದು ಪರೀಕ್ಷಿಸುವುದು. ಮಾಡಬೇಕಾದ್ದನ್ನು ಯೋಚಿಸಿ ಮಾಡುವುದು. ಎಲ್ಲವೂ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು. ಕೊನೆಗೆ ಬರೆದಿಡುವುದು. ಈ ಹುಡುಗ ಮೊದಲೆರಡನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಾನೆ. ಉಪ್ಪು ಗಾಳಿ, ಸಿಡಿಲು ಎರಡನ್ನೂ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮೂರನೆಯದನ್ನು ಹಾರಿಸುತ್ತಾನೆ. ಆರನೆಯದನ್ನು ಒಂದು ದಿನವೂ ಮಾಡಿಲ್ಲ. ಇಷ್ಟನ್ನೇ ಅವನಿಗೆ ಹೇಳಿದೆ. ಪರೀಕ್ಷೆಯ ಎರಡು ಪೇಪರಿನಲ್ಲಿ ಮೊದಲನೆಯದಾದ ಕೋರ್ 1ರಲ್ಲಿ ತೊಂದರೆ ಹುಡುಕಿ ಸರಿಮಾಡುವ ಭಾಗಕ್ಕೇ 28 ಶೇಕಡಾ ತೂಕ ಉಂಟು, ಹಾರ್ಡ್‌ವೇರಿಗೆ 25, ನೆಟ್‌ವರ್ಕಿಂಗ್‌ಗೆ 23. ನೀನು ದಿನಾ ನಿಂತು ಮಾಡುವ ಕೆಲಸವೇ ಈ ಪರೀಕ್ಷೆಯ ದೊಡ್ಡ ಪಾಲು ಎಂದೆ. 48,000 ರೂಪಾಯಿಗೆ ಕೊಳ್ಳುವಂಥದ್ದು ಅದರಲ್ಲಿ ಏನೂ ನನಗೆ ಕಾಣಲಿಲ್ಲ. ಹಾಗೆಂದು ನೇರವಾಗಿಯೇ ಹೇಳಿದೆ.

ಆಗ ಅವನು ಇನ್ನೊಂದು ವಿಷಯ ಬಾಯಿಬಿಟ್ಟ. ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾಗಿ ಐಟಿಐಗೆ ಹೋದವನು ಅವನು. ಕ್ಲಾಸಿಗೆ ಸೇರಿದರೆ ಅವರು ಹೇಗಾದರೂ ಪಾಸ್ ಮಾಡಿಸುತ್ತಾರೆ ಎಂಬ ಧೈರ್ಯ. “ಎಕ್ಸಾಮಿಗೆ ಬರುವ ಪ್ರಶ್ನೆಯನ್ನೇ ಕೊಡ್ತಾರಂತೆ ಮೇಡಮ್.”

ಗ್ಯಾರಂಟಿಯ ಗುಟ್ಟು ಅದು. ಕದ್ದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವುದು. ಇದಕ್ಕೆ ಡಂಪ್ ಎನ್ನುತ್ತಾರೆ. ಪರೀಕ್ಷೆಗೆ ಕೂರುವ ಮೊದಲು ಒಪ್ಪಂದವೊಂದಕ್ಕೆ ಒಪ್ಪಿಗೆ ಕೊಡಬೇಕು, ಡಂಪ್ ಬಳಸುವುದು ಅದಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಫಲಿತಾಂಶ ರದ್ದಾಗಬಹುದು, ಸಿಕ್ಕ ಸರ್ಟಿಫಿಕೇಟನ್ನೂ ವಾಪಸ್ ಪಡೆಯಬಹುದು, ಮತ್ತೆ ಬರೆಯದಂತೆ ತಡೆಯಬಹುದು. ಅಮ್ಮನ ಸರ ಅಡವಿಟ್ಟು ಆ ಭಯವನ್ನು ಮನೆಗೆ ತರುವುದು ಬೇಡ ಎಂದೆ. ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.

ಇಂಗ್ಲಿಷಿನ ಭಯ ನಿಜವಾದದ್ದೇ. ಕನ್ನಡದಲ್ಲಿ ಈ ಪರೀಕ್ಷೆ ಇಲ್ಲ. ಆದರೆ ಪ್ರಬಂಧ ಬರೆಯಬೇಕಾಗಿಲ್ಲ, ಓದಿ ತಿಳಿದರೆ ಸಾಕು. ಸ್ಕ್ರೀನಿನ ಮೇಲೆ ಬರುವ ಎರರ್ ಮೆಸೇಜು ಓದುತ್ತೀಯಲ್ಲ, ಅದು ಇಂಗ್ಲಿಷ್ ಅಲ್ವಾ ಎಂದು ಕೇಳಿದೆ. ಅವನಿಗೆ ಕೊಟ್ಟ ಮದ್ದು ಒಂದು ನೋಟ್‌ಬುಕ್. ದಿನಕ್ಕೆ ಒಂದೇ ಮೆಷಿನ್. ಆರು ಹೆಜ್ಜೆ. ತಲೆಯಲ್ಲಿ ಬರುವ ಭಾಷೆಯಲ್ಲೇ ಬರೆಯಬೇಕು, ತುಳು ಆದರೂ ಸರಿ. ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ತಪ್ಪಾದರೂ ಪರವಾಗಿಲ್ಲ. ಪ್ರಶ್ನೆ ಓದುವಾಗ ಮೂರು ಶಬ್ದದ ಮೇಲೆ ಬೆರಳಿಟ್ಟು ನಿಲ್ಲಬೇಕು: ‘ಫಸ್ಟ್’, ‘ಬೆಸ್ಟ್’, ‘ಮೋಸ್ಟ್ ಲೈಕ್ಲಿ’. ನಾಲ್ಕು ಉತ್ತರದಲ್ಲಿ ಎರಡು ಸರಿ ಎಂದೇ ಕಾಣುತ್ತವೆ. ಮೊದಲು ಮಾಡಬೇಕಾದ್ದು ಯಾವುದು ಎಂದು ಕೇಳಿದಾಗ, ಕೊನೆಗೆ ಮಾಡಬೇಕಾದ್ದನ್ನು ಆರಿಸಿದರೆ ಅಂಕ ಹೋಯಿತು. ಎಸ್‌ಎಂಪಿಎಸ್ ಬದಲಿಸಿದಲ್ಲಿ ಆದದ್ದೂ ಇದೇ ತಪ್ಪು.

ಹತ್ತು ದಿನ ಬಿಟ್ಟು ಇಬ್ಬರೂ ಮತ್ತೆ ಬಂದರು. ಈ ಸಲ ಹಣದ ಮಾತನ್ನು ತಾಯಿಯ ಎದುರಿಗೇ ಆಡಿದೆ.

“ಅಕ್ಕ, ಖರ್ಚು ಇಲ್ಲ ಅಂತ ಅಲ್ಲ. ಪರೀಕ್ಷೆಗೆ ಎರಡು ಪೇಪರ್ ಉಂಟು. ಎರಡಕ್ಕೂ ಬೇರೆ ಬೇರೆ ವೋಚರ್, ಅಂದ್ರೆ ಶುಲ್ಕ ಕಟ್ಟಿದ ಕೂಪನ್, ತೆಗೀಬೇಕು. ಫೇಲಾದ್ರೆ ಆ ಪೇಪರಿಗೆ ಪುನಃ ದುಡ್ಡು ಕಟ್ಟಬೇಕು. ನಿಮ್ಮ ದುಡ್ಡು ಹೋಗಬೇಕಾದ್ದು ಅಲ್ಲಿಗೆ, ಕ್ಲಾಸಿಗೆ ಅಲ್ಲ.”

ವೋಚರಿನ ಬೆಲೆ ಒಂದೊಂದು ದೇಶಕ್ಕೆ ಒಂದೊಂದು, ಆಗಾಗ ಬದಲಾಗುತ್ತದೆ ಕೂಡ. ಅದಕ್ಕೆ ಕಾಂಪ್‌ಟಿಯಾದ ಪುಟವನ್ನು ಅವರ ಎದುರೇ ತೆರೆದು, ಭಾರತದ ಬೆಲೆ ತೋರಿಸಿದೆ. ವಾಟ್ಸಾಪ್‌ನಲ್ಲಿ ಅಪರಿಚಿತರು ಅರ್ಧ ಬೆಲೆಗೆ ಮಾರುವ ವೋಚರ್ ಬೇಡ ಎಂದೆ. ಬೇರೆ ದೇಶದ್ದಾದರೆ ಇಲ್ಲಿ ನಡೆಯುವುದಿಲ್ಲ. ಮುಖ್ಯವಾದ ಮಾತು, ಈಗಲೇ ಕೊಳ್ಳಬಾರದು. ವೋಚರಿಗೆ ಅವಧಿ ಇರುತ್ತದೆ. ಅಭ್ಯಾಸದ ಪರೀಕ್ಷೆಯಲ್ಲಿ ಹೊಸ ಪ್ರಶ್ನೆಗೂ 80 ಶೇಕಡಾ ದಾಟಿ ನಿಲ್ಲುವವರೆಗೆ ಕೈ ಹಾಕಬೇಡ ಎಂದೆ. ಈ 80 ನನ್ನದೇ ಅಂದಾಜು.

ದುಡ್ಡು ಕೂಡಿಸುವುದು ಹೇಗೆ ಎಂದಾಗ ತಾಯಿಯೇ ದಾರಿ ಹೇಳಿದರು. ಅಂಗಡಿಗೆ ಪಿಗ್ಮಿಯವರು ಬರುತ್ತಾರಲ್ಲ, ದಿನಕ್ಕೆ ನೂರು ಹಾಕಲಿ ಎಂದರು. ಉಡುಪಿಯವರಿಗೆ ಪಿಗ್ಮಿ ಹೇಳಿಕೊಡಬೇಕಾಗಿಲ್ಲ. 1925ರಲ್ಲಿ ಇಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು ಅದು. ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಉಳಿದಿದೆ. ಒಂದು ವೋಚರಿಗೆ ಎಷ್ಟು ದಿನ ಬೇಕು ಎಂದು ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಅಷ್ಟು ದಿನ ಓದಲಿಕ್ಕೂ ಬೇಕಿತ್ತು. ಎರಡೂ ಹೊಂದಿಕೊಂಡಿತು.

ಓದುವ ಸಾಮಗ್ರಿ ಹುಡುಕಲು ಕಷ್ಟವಾಗಲಿಲ್ಲ. ಕಾಂಪ್‌ಟಿಯಾದ ವಿಷಯಪಟ್ಟಿ ಪುಕ್ಕಟೆ ಸಿಗುತ್ತದೆ, ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಲು ಹೇಳಿದೆ. ಯೂಟ್ಯೂಬಿನಲ್ಲಿ ಪ್ರೊಫೆಸರ್ ಮೆಸ್ಸರ್ ಎಂಬವರ ವಿಡಿಯೊಗಳು ಎರಡೂ ಪೇಪರಿಗೆ ಪೂರ್ತಿ ಇವೆ, ದುಡ್ಡಿಲ್ಲ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್‌ನ ಮೊದಲ ಪಾಠಗಳು ಪುಕ್ಕಟೆ. ಮನೆಯ ಲ್ಯಾಪ್‌ಟಾಪಿನಲ್ಲಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಉಬುಂಟು ಒಂದು, ವಿಂಡೋಸ್‌ನ 90 ದಿನದ ಪರೀಕ್ಷಾ ಆವೃತ್ತಿ ಒಂದು. ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇತ್ತು. ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ 8 ಜಿಬಿ ಸಿಕ್ಕಿತು. ಯಜಮಾನರು ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಗುಜರಿಗೆ ಇಟ್ಟಿದ್ದ ಎರಡು ಮೆಷಿನನ್ನೂ ಬಿಚ್ಚಿ ಜೋಡಿಸಲು ಬಿಟ್ಟುಕೊಟ್ಟರು. ದುಡ್ಡು ಕೊಟ್ಟು ತೆಗೆದುಕೊಂಡದ್ದು ಒಂದೇ ಒಂದು ಅಭ್ಯಾಸ ಪ್ರಶ್ನೆಗಳ ಕಟ್ಟು.

ಒಂದು ಕಡೆ ಮಾತ್ರ ಅವನ ಸಮಯ ಹಾಳಾಗಿತ್ತು. ಗೆಳೆಯ ಕೊಟ್ಟ ಪಿಡಿಎಫ್ ಇಟ್ಟುಕೊಂಡು ಎರಡು ತಿಂಗಳಿನಿಂದ ಓದುತ್ತಿದ್ದ. ಅದು ಕೋರ್ 1ರ ಹಳೆಯ ಆವೃತ್ತಿ, 220-1101ರದ್ದು. ಆ ಆವೃತ್ತಿ 2025ರ ಸೆಪ್ಟೆಂಬರ್ 25ಕ್ಕೆ ನಿಂತುಹೋಗಿತ್ತು. ಈಗಿರುವುದು ಕೋರ್ 1ಕ್ಕೆ 220-1201, ಕೋರ್ 2ಕ್ಕೆ 220-1202. ಮುಖ ಸಣ್ಣದಾಯಿತು. ಓದಿದ್ದು ಹೆಚ್ಚಿನದು ಉಪಯೋಗಕ್ಕೆ ಬರುತ್ತದೆ, ಹೊಸ ಪಟ್ಟಿ ಎದುರಿಟ್ಟು ಬಿಟ್ಟುಹೋದದ್ದನ್ನು ಗುರುತು ಹಾಕು ಎಂದೆ. ಒಂದೊಂದು ಪೇಪರಿಗೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕ 100ರಿಂದ 900ರವರೆಗೆ. ಕೋರ್ 1ಕ್ಕೆ 675, ಕೋರ್ 2ಕ್ಕೆ 700 ಬೇಕು. ಕೆಲವು ಪ್ರಶ್ನೆಗಳಲ್ಲಿ ಉತ್ತರ ಆರಿಸುವುದಲ್ಲ, ಸ್ಕ್ರೀನಿನಲ್ಲೇ ಕೆಲಸ ಮಾಡಿ ತೋರಿಸಬೇಕು. ಅಂಥವು ಬಂದರೆ ಬಿಟ್ಟು ಮುಂದೆ ಹೋಗಿ, ಕೊನೆಗೆ ವಾಪಸ್ ಬರುವುದು ಒಳ್ಳೆಯದು.

ಮನೆಯಿಂದಲೇ ಬರೆಯಬಹುದು ಎಂದು ತಿಳಿದು ತಾಯಿಗೆ ಖುಷಿಯಾಯಿತು. ನಾನು ಬೇಡ ಎಂದೆ. ಪರೀಕ್ಷೆ ಮುಗಿಯುವವರೆಗೆ ಕೋಣೆಗೆ ಯಾರೂ ಬರಬಾರದು, ಕ್ಯಾಮೆರಾ ನೋಡುತ್ತಿರುತ್ತದೆ. ಅವರ ಮನೆಯಲ್ಲಿ ಇರುವುದು ಒಂದು ಚಾವಡಿ, ಒಂದು ಕೋಣೆ. ಗುಡುಗು ಬಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಪರೀಕ್ಷೆ ನಡೆಸಿಕೊಡುವ ಪಿಯರ್ಸನ್ ವಿಯುಇ ಕಂಪನಿಯ ಕೇಂದ್ರದಲ್ಲೇ ಬರೆಯಲಿ, ಬುಕ್ ಮಾಡುವಾಗ ಊರು ಹಾಕಿದರೆ ಹತ್ತಿರದ್ದನ್ನು ತೋರಿಸುತ್ತದೆ ಎಂದೆ. ಹೆಸರು ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಇರಬೇಕು. ಅವನ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು. ಪಾಸ್‌ಪೋರ್ಟಿನಲ್ಲಿದ್ದಂತೆ ಖಾತೆ ತೆರೆಸಿದೆ. ನಮ್ಮ ಕಡೆ ಈ ಇನಿಶಿಯಲ್‌ನ ತಾಪತ್ರಯ ತುಂಬ ಮಕ್ಕಳಿಗೆ ಉಂಟು, ಓದುವವರು ಗಮನಿಸಿ.

ಫೆಬ್ರವರಿಯಲ್ಲಿ ಒಬ್ಬನೇ ಬಂದ. ನೋಟ್‌ಬುಕ್ ತಂದಿದ್ದ. ನಡುವೆ ಹದಿನೈದು ದಿನ ಖಾಲಿ. ಯಾಕೆ ಎಂದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೆ ಅಂಗಡಿಗೆ ಜನ ಬರುತ್ತಲೇ ಇದ್ದಾರೆ, ಹಳೆಯ ಮೆಷಿನಿಗೆ 11 ಹತ್ತುತ್ತದಾ ಎಂದು ಕೇಳಿಕೊಂಡು. ರಾತ್ರಿ ಒಂಬತ್ತಕ್ಕೆ ಮನೆ ಸೇರಿದರೆ ಓದಲು ಕೂರುವ ಶಕ್ತಿ ಇರಲಿಲ್ಲ. ಬೈಯಲಿಲ್ಲ ನಾನು. ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ಓದುವುದಾಗಿ ಅವನೇ ಹೇಳಿದ. ಅಭ್ಯಾಸದಲ್ಲಿ ಆಗ 64 ಬರುತ್ತಿತ್ತು. ಮಾರ್ಚಿಗೆ ಎಂದುಕೊಂಡಿದ್ದ ಪರೀಕ್ಷೆಯನ್ನು ಏಪ್ರಿಲಿಗೆ ದೂಡಿದೆವು. ವೋಚರ್ ಕೊಂಡಿರಲಿಲ್ಲ, ಹಾಗಾಗಿ ದೂಡುವುದಕ್ಕೆ ಏನೂ ಹೋಗಲಿಲ್ಲ.

ಆ ನೋಟ್‌ಬುಕ್ಕಿನ ಒಂದು ಪುಟ ನನಗೆ ಈಗಲೂ ನೆನಪಿದೆ. ಒಂದು ಆಫೀಸಿನಲ್ಲಿ ನೆಟ್ ಇಲ್ಲ ಎಂದು ಕರೆದಿದ್ದರು. ಮೆಷಿನಿನಲ್ಲಿ ಐಪಿ ವಿಳಾಸ 169.254 ಎಂದು ಶುರುವಾಗಿತ್ತು, ನೆಟ್‌ವರ್ಕಿನಿಂದ ವಿಳಾಸ ಸಿಗದಾಗ ಮೆಷಿನ್ ತಾನೇ ಹಾಕಿಕೊಳ್ಳುವಂಥದ್ದು. ಹಿಂದೆ ಆಗಿದ್ದರೆ ವಿಂಡೋಸ್ ಪುನಃ ಹಾಕುತ್ತಿದ್ದೆ ಎಂದು ಬರೆದಿದ್ದ. ಈ ಸಲ ಮೆಷಿನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಅದು ಸಿಕ್ಕಿಲ್ಲ ಎಂದು ಊಹಿಸಿ, ಕೇಬಲನ್ನು ರೌಟರಿನ ಬೇರೆ ಪೋರ್ಟಿಗೆ ಚುಚ್ಚಿ ನೋಡಿದ. ಬಂತು. ಹಳೆಯ ಪೋರ್ಟ್ ಸುಟ್ಟಿತ್ತು. ಕೆಳಗಿನ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಎರಡು ತಪ್ಪು ಇತ್ತು. ಅರ್ಥಕ್ಕೆ ಏನೂ ತೊಂದರೆ ಇರಲಿಲ್ಲ.

ಏಪ್ರಿಲಿನಲ್ಲಿ ಕೋರ್ 1 ಬರೆದು 704 ತೆಗೆದ. ಸರ ಅಮ್ಮನ ಕೊರಳಲ್ಲೇ ಇದೆ. ಈಗ ಕೋರ್ 2ರ ಪಿಗ್ಮಿ ಶುರು ಮಾಡಿದ್ದಾನೆ. ಇಷ್ಟರಲ್ಲಿ ಮಾವನ ಫೋನ್ ಬಂದಿದೆ, ಆಗಸ್ಟಿಗೆ ಹೊರಟು ಬಾ, ಒಂದು ಪೇಪರ್ ಆಗಿದೆಯಲ್ಲ ಎಂದು. ಎರಡೂ ಪಾಸಾಗದೆ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ, ಅದನ್ನು ಮಾವನಿಗೆ ಬಿಡಿಸಿ ಹೇಳು ಎಂದು ನಾನು ಹೇಳಿದ್ದೇನೆ. ಹೋಗುವುದೇ ಆದರೆ ಅಲ್ಲಿಯ ಕೆಲಸದ ಸಂಬಳ, ಸಮಯ ಎಲ್ಲ ಕಾಗದದಲ್ಲಿ ಬರಲಿ ಎಂದಿದ್ದೇನೆ. ಅವನು ಇನ್ನೂ ತೀರ್ಮಾನ ಮಾಡಿಲ್ಲ. ಮುಂದಿನ ಶನಿವಾರ ಅಮ್ಮನನ್ನು ಕರೆದುಕೊಂಡು ಬರುತ್ತಾನೆ.