ಸ್ವರ ಸಂದೇಹ: ಖರಹರಪ್ರಿಯದಲ್ಲಿ ಕಾಕಲಿ ನಿಷಾದವೇ?

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಮೊನ್ನೆ ಮೊಬೈಲಿನಲ್ಲಿ ಆಂಟೋನಿಯೊ ದೆ ಕಬೆಸೋನ್ ಅವರ ಒಂದು ಟಿಯೆಂಟೊ (ಹಳೇ ಸ್ಪ್ಯಾನಿಷ್ ವಾದ್ಯಕೃತಿ) ಕೇಳಿದೆ. ಬರೀ ಆರ್ಗನ್. ಖರಹರಪ್ರಿಯ ಅಂತಲೇ ಅನ್ನಿಸಿತು. ಆದರೆ ರಾಗದ ಕೈಶಿಕಿ ನಿಷಾದದ ಬದಲು ನಡುನಡುವೆ ಅದಕ್ಕಿಂತ ಎತ್ತರದ ಕಾಕಲಿ ನಿಷಾದ ಬರುತ್ತದೆ. ಅಪಸ್ವರ ಅಲ್ವಾ?
– ಓದುಗರು, ನೀರ್ಚಾಲು

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಆದರೆ ಅದು ಅಪಸ್ವರ ಅಲ್ಲ. ಕುಂಬಳೆಯಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳಿಗೆ ಇದನ್ನು ಹಾರ್ಮೋನಿಯಂ ಮೇಲೇ ತೋರಿಸುತ್ತೇನೆ. ನೀವೂ ಮಾಡಿ ನೋಡಿ. ಬಿಳಿ ಎರಡನ್ನು (ಪಾಶ್ಚಾತ್ಯರ D) ಷಡ್ಜ ಮಾಡಿಕೊಂಡು ಬರೀ ಬಿಳಿ ಮನೆಗಳನ್ನೇ ಒತ್ತುತ್ತಾ ಹೋಗಿ. ಖರಹರಪ್ರಿಯದ ಸ್ವರಗಳೇ ಸಿಗುತ್ತವೆ. ಯುರೋಪಿನ ಚರ್ಚ್ ಸಂಗೀತದ ಮೊದಲನೇ ಸ್ವರಕ್ರಮ ಇದೇ.

ಇನ್ನು ಎರಡು ದನಿ ಒಟ್ಟಿಗೆ ಹಿಡಿಯಿರಿ. ಒಂದು ರಿಷಭದಲ್ಲಿ, ಇನ್ನೊಂದು ಅದರ ಮೇಲಿನ ನಿಷಾದದಲ್ಲಿ. ರಿಷಭ ಷಡ್ಜಕ್ಕೆ ಇಳಿಯಲಿ, ಅದೇ ಹೊತ್ತಿಗೆ ನಿಷಾದ ತಾರಷಡ್ಜಕ್ಕೆ ಹತ್ತಲಿ. ಮೊದಲು ಕೈಶಿಕಿ ನಿಷಾದದಿಂದ ಹತ್ತಿಸಿ. ಆಮೇಲೆ ಬಿಳಿ ಎರಡಕ್ಕೆ ತಾಗಿಕೊಂಡೇ ಇರುವ ಕಪ್ಪು ಒಂದರಿಂದ, ಅಂದರೆ ಕಾಕಲಿಯಿಂದ. ಎರಡನೇ ಸಲ ನಿಲುಗಡೆ ಎಷ್ಟು ಗಟ್ಟಿಯಾಗಿ ಕೂರುತ್ತದೆ ಗಮನಿಸಿ! ಒಂದು ಭಾಗ ಮುಗಿಯಿತು ಎಂದು ಹೇಳುವ ಕಡೆಯಲ್ಲೇ ಕಾಕಲಿ ಜಾಸ್ತಿ ಬರುವುದು. ನೀವು ಒಂದೇ ದನಿಯ ಲೆಕ್ಕದಲ್ಲಿ ಕೇಳಿದಿರಿ. ಅಲ್ಲಿ ಇರುವುದು ಸಾಮಾನ್ಯವಾಗಿ ನಾಲ್ಕು.

ಕಬೆಸೋನ್ (1510–1566) ಸ್ಪೇನಿನವರು. ಎಳವೆಯಲ್ಲೇ ಕಣ್ಣು ಹೋಗಿತ್ತು. ದೊರೆ ಎರಡನೇ ಫಿಲಿಪ್‌ನ ಆಸ್ಥಾನದಲ್ಲಿ ಆರ್ಗನ್ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗ ಎರ್ನಾಂಡೊ ತಂದೆಯ ಕೃತಿಗಳನ್ನು ಕೂಡಿಸಿ 1578ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚು ಹಾಕಿಸಿದರು. ಆ ಪುಸ್ತಕದ ಸ್ವರಲಿಪಿ ನೋಡಿದರೆ ನನಗೆ ಈಗಲೂ ಖುಷಿ. ಒಂದೊಂದು ದನಿಗೆ ಒಂದೊಂದು ಗೆರೆ, ಗೆರೆಯ ಮೇಲೆ ಸ್ವರಗಳ ಬದಲು 1ರಿಂದ 7ರ ವರೆಗಿನ ಅಂಕೆಗಳು. ನಾಲ್ಕು ದನಿ ಇದ್ದರೆ ನಾಲ್ಕು ಗೆರೆ. ಯಾರು ಯಾವಾಗ ಮಾತಾಡುತ್ತಾರೆ, ಯಾರು ಸುಮ್ನೆ ಇರುತ್ತಾರೆ, ಎಲ್ಲ ಕಣ್ಣಿಗೇ ಕಾಣುತ್ತದೆ.

ಕೇಳುವಾಗಲೂ ಹಾಗೇ ಮಾಡಿ. ಸಾಮಾನ್ಯವಾಗಿ ಒಂದು ದನಿ ಸಣ್ಣದೊಂದು ಸಂಚಾರ ಎತ್ತುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ದನಿ ಬೇರೆ ಸ್ಥಾಯಿಯಲ್ಲೋ ಪಂಚಮದಿಂದಲೋ ಅದನ್ನೇ ಹಿಡಿಯುತ್ತದೆ. ಮೊದಲನೆಯದು ನಿಲ್ಲುವುದಿಲ್ಲ, ತನ್ನ ದಾರಿಯಲ್ಲಿ ಮುಂದುವರಿಯುತ್ತದೆ. ಆರ್ಗನ್‌ನಲ್ಲಿ ಮನೆ ಒತ್ತಿದಷ್ಟು ಹೊತ್ತೂ ಕೊಳವೆಗೆ ಗಾಳಿ ಹೋಗುತ್ತದೆ, ಸ್ವರ ಕುಗ್ಗುವುದಿಲ್ಲ. ಹಾಗಾಗಿ ಎಷ್ಟು ಉದ್ದದ ಸ್ವರವಾದರೂ ಕೊನೆಯ ತನಕ ಕಿವಿಯಲ್ಲಿರುತ್ತದೆ. ಗಮಕ ಮಾತ್ರ ಹುಡುಕಬೇಡಿ, ಸ್ವರವನ್ನು ಜಾರಿಸಲು ಆ ವಾದ್ಯದಲ್ಲಿ ಆಗುವುದಿಲ್ಲ. ಕೆಲವು ಕಡೆ ಖರಹರಪ್ರಿಯದಲ್ಲಿಲ್ಲದ ಶುದ್ಧ ಧೈವತವೂ ಬಂದೀತು, ಆಗಲೂ ಗಾಬರಿ ಬೇಡ.

ಮೊದಲ ಸಲಕ್ಕೆ ಅತಿ ಕೆಳಗಿನ ದನಿ ಯಾವಾಗ ಸೇರುತ್ತದೆ ಅಂತ ಮಾತ್ರ ಕಾಯಿರಿ. ಇಷ್ಟೂ ಕಷ್ಟ ಅನ್ನಿಸಿದರೆ ಕಬೆಸೋನರದೇ ‘ಡಿಫೆರೆನ್ಸಿಯಾಸ್ ಸೋಬ್ರೆ ಎಲ್ ಕಾಂಟೊ ಡೆಲ್ ಕಬಯೆರೊ’ ಕೇಳಿ. ಅದರಲ್ಲಿ ಒಂದೇ ಹಾಡಿನ ಧಾಟಿ ಮತ್ತೆ ಮತ್ತೆ ಬರುತ್ತದೆ, ಸುತ್ತಲಿನ ದನಿಗಳು ಬದಲಾಗುತ್ತಾ ಹೋಗುತ್ತವೆ. ನಾನಂತೂ ಹೊಸಬರಿಗೆ ಅದನ್ನೇ ಮೊದಲು ಕೇಳಿಸುತ್ತೇನೆ.